ಗಾಳಿ ಕಾಯುವ ಭಾವ

ನಮ್ಮ ಭಾವ ದೇವರಿಗೆ ಕೈ ಮುಗಿದದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೆ ನಮ್ಮ ಇಡೀ ವಂಶದಲ್ಲಿ ಅವರಷ್ಟು ಊದುಬತ್ತಿ ಸುಟ್ಟವರು ಇನ್ನೊಬ್ಬರಿಲ್ಲ! ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಎರಡು ಊದುಬತ್ತಿ, ಪ್ಯಾಂಟಿನ ಜೇಬಿನಲ್ಲಿ ಬೆಂಕಿಪೊಟ್ಟಣ. ಮದುವೆಯಾದ ಹೊಸದರಲ್ಲಿ ಆ ಬೆಂಕಿಪೊಟ್ಟಣ ಕಂಡು, ಗಂಡ ಕದ್ದು ಸಿಗರೇಟು ಸೇದುತ್ತಾನೆಂದು ನಮ್ಮಕ್ಕ ಒಂದು ವಾರ ಅತ್ತಿದ್ದಳಂತೆ.

ಭಾವನದು ಗಾಳಿಯ ಉದ್ಯೋಗ. ಅಣುವಿದ್ಯುತ್ ಸ್ಥಾವರಗಳ ಕಂಟ್ರೋಲ್ ರೂಮಿಗೆ ಗಾಳಿ ಎಲ್ಲಿಂದ ಬರಬೇಕು, ಎಲ್ಲಿಂದ ಬರಕೂಡದು ಎಂದು ನೋಡಿಕೊಳ್ಳುವ ಎಂಜಿನಿಯರ್. ನಿವೃತ್ತರಾಗಿ ಜಯನಗರದ ಮನೆಯಲ್ಲಿ ಕೂತು ವರ್ಷಗಳೇ ಆದರೂ, ಸಲಹೆ ಬೇಕೆಂದು ಅವರಿಗೆ ಕರೆ ಬರುವುದು ನಿಂತಿಲ್ಲ. ಹೊಗೆ ಯಾವ ಕಡೆ ವಾಲುತ್ತದೋ ಗಾಳಿ ಆ ಕಡೆ ಹೋಗುತ್ತಿದೆ ಎಂದರ್ಥ. ಊದುಬತ್ತಿಯ ರಹಸ್ಯ ಇಷ್ಟೇ. ಇದನ್ನು ಅವರು ಸ್ಥಾವರಕ್ಕೆ ಮಾತ್ರ ಮೀಸಲಿಟ್ಟಿದ್ದರೆ ನಾವೆಲ್ಲ ನೆಮ್ಮದಿಯಾಗಿರುತ್ತಿದ್ದೆವು!

ಬಿಟಿಎಂ ಲೇಔಟಿನ ನಮ್ಮ ಫ್ಲ್ಯಾಟಿನ ಗೃಹಪ್ರವೇಶದ ದಿನ ಪೂಜೆಯ ನಡುವೆ ಭಾವ ಎದ್ದು ಮಾಯವಾದರು. ಹುಡುಕಿದರೆ, ಬಚ್ಚಲುಮನೆಯ ಬಾಗಿಲಲ್ಲಿ ಮಂಡಿಯೂರಿ ಊದುಬತ್ತಿ ಬೆಳಗುತ್ತಿದ್ದಾರೆ. ಇದು ನಮ್ಮ ತವರಿನ ಪದ್ಧತಿ ಇರಬೇಕೆಂದುಕೊಂಡ ನನ್ನ ಅತ್ತೆ ಅವರ ಹಿಂದೆ ನಿಂತು ಕಮೋಡಿನ ಕಡೆ ಭಕ್ತಿಯಿಂದ ಕೈ ಮುಗಿದರು. ಅವರನ್ನು ಕಂಡು ಇನ್ನೂ ನಾಲ್ಕು ಜನ ಕೈ ಮುಗಿದರು! ಭಾವ ತಿರುಗಿ, "ಪಕ್ಕದ ಮನೆ ಒಗ್ಗರಣೆಯೆಲ್ಲ ಈ ಸಂದಿಯಿಂದ ಬರತ್ತೆ ಕಣಮ್ಮ. ಮುಚ್ಚಿಸ್ಬಿಡು" ಎಂದರು. ನಾನು ಮುಚ್ಚಿಸಲಿಲ್ಲ. ಹಾಗಾಗಿ ಪಕ್ಕದವರ ಮನೆಯಲ್ಲಿ ಇವತ್ತು ಏನು ಹುಳಿ ಎಂಬುದು ಹಲ್ಲುಜ್ಜುವಾಗಲೇ ನನಗೆ ಗೊತ್ತಾಗುತ್ತದೆ.

ಒಮ್ಮೆ ರೇಗಿಸೋಣವೆಂದು, "ಭಾವ, ಅಣು ಒಡೆಯೋ ಜಾಗದಲ್ಲಿ ನಿಮ್ಮ ಫ್ಯಾನ್‌ದೇನು ಮಹಾ ಕೆಲಸ?" ಎಂದು ಕೇಳಿದೆ. ಅವರಿಗೆ ಕೋಪ ಬರಲಿಲ್ಲ.

"ಏನೋ ಹೆಚ್ಚುಕಮ್ಮಿ ಆಯ್ತು ಅಂತಿಟ್ಕೋ. ಎಲ್ರನ್ನೂ ಹೊರಗೆ ಕಳಿಸ್ತಾರೆ. ಕಂಟ್ರೋಲ್ ರೂಮಲ್ಲಿ ಇರೋರು ಮಾತ್ರ ಹೋಗೋ ಹಾಗಿಲ್ಲ. ಅವರೂ ಎದ್ದು ಓಡಿದ್ರೆ ಸ್ಥಾವರನ ತಣ್ಣಗೆ ಮಾಡೋರ್ಯಾರು? ಕೂತು ಕೆಲಸ ಮಾಡೋರಿಗೆ ಉಸಿರಾಡೋಕೆ ಒಳ್ಳೆ ಗಾಳಿ ಬೇಡ್ವೇನಮ್ಮ?" ಎಂದರು. ಇಷ್ಟು ಹೇಳಿ, ನನ್ನ ಅಡುಗೆಮನೆಯ ಚಿಮಣಿ ಹಾಕಿದವನಿಗೆ ಬುದ್ಧಿಯಿಲ್ಲವೆಂದು ಬೈದು ಹೊರಟರು.

ಇಂಥ ಭಾವನಿಗೆ ಎಪ್ಪತ್ತು ತುಂಬಿತು. ಅರವತ್ತರ ಶಾಂತಿಗೆ ಅವರು ತಪ್ಪಿಸಿಕೊಂಡಿದ್ದರು. ಅವತ್ತೂ ಯಾವುದೋ ಫ್ಯಾನು ಕರೆದಿತ್ತು. ಆ ಸಿಟ್ಟು ಅಕ್ಕನಿಗೆ ಹತ್ತು ವರ್ಷವಾದರೂ ಇಳಿದಿಲ್ಲ. "ಎಪ್ಪತ್ತರ ಭೀಮರಥ ಶಾಂತಿ ಮಾಡೇ ಮಾಡ್ತೀನಿ. ಎಲ್ರ ಎದುರಿಗೆ ನನ್ನ ಪಕ್ಕ ಕೂತು ಇನ್ನೊಂದ್ಸಲ ತಾಳಿ ಕಟ್ಟಲಿ. ಅದೊಂದೇ ನಾನು ಕೇಳೋದು" ಎಂದಳು. ನಾನೂ ಟೊಂಕ ಕಟ್ಟಿ ನಿಂತೆ.

ಕಲ್ಯಾಣಮಂಟಪ ನೋಡಲು ಹೋದಾಗ ಮ್ಯಾನೇಜರು ಹೆಮ್ಮೆಯಿಂದ, "ಫುಲ್ ಏಸಿ ಸಾರ್" ಎಂದ. ಭಾವ ಊದುಬತ್ತಿ ಹಚ್ಚಿದರು. ಅರ್ಧ ಗಂಟೆ ಮೂಲೆ ಮೂಲೆ ಸುತ್ತಿ, ಹೋಮದ ಹೊಗೆಯೆಲ್ಲ ಊಟದ ಹಾಲಿಗೆ ನುಗ್ಗುತ್ತದೆ, ಹೋಮಕುಂಡ ಕಿಟಕಿಯ ಬಳಿಗೆ ಹೋಗಲಿ ಎಂದು ತೀರ್ಪು ಕೊಟ್ಟರು. ಪುರೋಹಿತರು ಗಾಬರಿಯಾಗಿ, "ಸಾರ್, ದಿಕ್ಕು ಅಂತ ಒಂದಿರತ್ತೆ!" ಎಂದರು.

"ದಿಕ್ಕು ನಿಮ್ದು ಸ್ವಾಮಿ, ಗಾಳಿ ನಂದು. ಪೂರ್ವಕ್ಕೇ ಮುಖ ಮಾಡಿ, ಆದ್ರೆ ಕಿಟಕಿ ಹತ್ರ ಕೂತ್ಕೊಂಡು ಮಾಡಿ!"

ಶಾಂತಿ ಶುಕ್ರವಾರ. ಅದರ ಹಿಂದಿನ ಭಾನುವಾರ ಸ್ಥಾವರವೊಂದರಿಂದ ಕರೆ ಬಂತು. ಕಂಟ್ರೋಲ್ ರೂಮಿನ ಗಾಳಿ ವ್ಯವಸ್ಥೆಯನ್ನು ಭಾವನ ಸಲಹೆಯಂತೆ ಪೂರ್ತಿ ಹೊಸದು ಮಾಡಿದ್ದಾರೆ. ಹೊಸ ಫಿಲ್ಟರು, ಹೊಸ ಫ್ಯಾನು, ಬಿಗಿಯಾಗಿ ಮುಚ್ಚುವ ಹೊಸ ಬಾಗಿಲು. ಕೊನೆಯ ಪರೀಕ್ಷೆ ನೋಡಿ ಭಾವ ಸಹಿ ಹಾಕಬೇಕು. "ಬುಧವಾರ ಮನೇಲಿರ್ತೀನಿ" ಎಂದು ಹೊರಟೇಬಿಟ್ಟರು. ಅಲ್ಲಿನ ಗೇಟಿನಲ್ಲಿ ಸೆಕ್ಯುರಿಟಿಯವನು ಊದುಬತ್ತಿ ಕಿತ್ತಿಟ್ಟುಕೊಂಡು, "ಪೂಜೆಯೆಲ್ಲ ಹೊರಗಡೆ ಸಾರ್" ಎಂದನಂತೆ! ಒಳಗೆ ಈ ಕೆಲಸಕ್ಕೆಂದೇ ಹೊಗೆ ಬಿಡುವ ಗಾಜಿನ ನಳಿಕೆ ಕೊಡುತ್ತಾರೆ. ಅದಕ್ಕೆ ಮಲ್ಲಿಗೆ ವಾಸನೆಯಿಲ್ಲ ಎಂಬುದೊಂದೇ ಭಾವನ ದೂರು.

ಬುಧವಾರ ಬಂತು, ಭಾವ ಬರಲಿಲ್ಲ. ನಾನು, ಅಕ್ಕ ತಾಂಬೂಲದ ಚೀಲಗಳನ್ನು ತುಂಬುತ್ತಿದ್ದಾಗ ಯಾವುದೋ ಹೊಸ ನಂಬರಿನಿಂದ ಫೋನು. ಅಕ್ಕ ಸ್ಪೀಕರಿಗೆ ಹಾಕಿದರೆ ಭಾವನ ದನಿ. ತಮ್ಮ ಫೋನು ಯಥಾಪ್ರಕಾರ ಸತ್ತುಹೋದದ್ದರಿಂದ, ಗೇಟಿನ ಹೊರಗಿನ ಕ್ಯಾಂಟೀನಿನಲ್ಲಿ ಒಬ್ಬ ಹುಡುಗಿಯ ಫೋನ್ ಇಸಿದುಕೊಂಡು ಮಾತಾಡುತ್ತಿದ್ದರು.

"ಮೀಟರೆಲ್ಲ ಸರಿಯಾಗಿದೆ ಅಂತಿದೆ ಕಣೆ. ಆದ್ರೆ ಫಿಲ್ಟರ್‌ಗೂ ಫ್ಯಾನ್‌ಗೂ ಮಧ್ಯೆ ಒಂದು ಜಾಯಿಂಟು ಹೊರಗಿನ ಗಾಳೀನ ಕದ್ದು ಎಳ್ಕೋತಿದೆ. ಫಿಲ್ಟರೇ ಆಗದೆ ಇರೋ ಗಾಳಿ! ಆ ಜಾಯಿಂಟು ಸಾಕು ಅಂತ ಡ್ರಾಯಿಂಗ್ ಮೇಲೆ ಬರ್ದೋನು ನಾನೇ. ಅದು ಸರಿಹೋಗೋವರೆಗೂ ಹೇಗೆ ಬರ್ಲಿ?"

"ಸಹಿ ಹಾಕೋಕೆ ಅಲ್ಲಿ ಬೇರೆ ಯಾರೂ ಇಲ್ವಾ?" ಎಂದಳು ಅಕ್ಕ.

"ಸಹಿ ಹಾಕೋಕೆ ಎಲ್ರೂ ಇದಾರೆ."

ತಪ್ಪು ಮಾಡಿದವರೂ ಇವರೇ, ಅದನ್ನು ಹುಡುಕಿ ಡಂಗುರ ಹೊಡೆದವರೂ ಇವರೇ! ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ತಿಳಿಯುತ್ತಿತ್ತು? ನನಗೆ ಒಳಗೊಳಗೇ ಹೆಮ್ಮೆಯಾಯಿತು. ಅಕ್ಕನ ಮುಖ ನೋಡಿ ಅದನ್ನು ನುಂಗಿಕೊಂಡೆ. ಅಕ್ಕ ಹತ್ತು ನಿಮಿಷ ಉಸಿರು ತೆಗೆದುಕೊಳ್ಳದೆ ಬೈದಳು. ಕೊನೆಗೆ ಭಾವ ಸಣ್ಣ ದನಿಯಲ್ಲಿ, "ಆಯ್ತು ಮಾರಾಯ್ತಿ. ನಾಳೆ ಮಧ್ಯಾಹ್ನ ಹೊರಟು ಬರ್ತೀನಿ. ಮಿಕ್ಕಿದ್ದು ಅವರೇ ನೋಡ್ಕೊಳ್ಳಲಿ" ಎಂದರು. ಭಾವ ಒಂದು ಕೆಲಸವನ್ನು ಅರ್ಧಕ್ಕೆ ಬಿಡಲು ಒಪ್ಪಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಯಾರೋ ಹುಡುಗಿ ಫೋನ್ ಮಾಡಿ ವಿಳಾಸ ಕೇಳಿದಳು. ಹೂವಿನವರಿರಬೇಕೆಂದುಕೊಂಡು ಅಕ್ಕ ವಿಳಾಸ ಹೇಳಿದಳು. ಗಂಟೆಯೊಳಗೆ ಬಾಗಿಲಲ್ಲಿ ಆಟೋ ನಿಂತಿತು. ಇಳಿದದ್ದು ಹೂವಲ್ಲ, ಇಳಕಲ್ ಸೀರೆಯುಟ್ಟ ಒಬ್ಬ ಹೆಂಗಸು. ಕೈಯಲ್ಲಿ ಜೋಳದ ರೊಟ್ಟಿಯ ಗಂಟು.

"ಅಕ್ಕಾರ, ನಾ ಬಿಟಿಎಂನಾಗ ಮಗನ ಮನಿಯಾಗ ಇರ್ತೀನ್ರಿ. ನಿನ್ನೆ ನಿಮ್ಮ ಮನಿಯವರು ಮಾತಾಡಿದ್ದು ನನ್ನ ಮಗಳ ಫೋನಿನ್ಯಾಗ. ನೀವು ಬೈದದ್ದೆಲ್ಲಾ ಆಕಿ ಕೇಳ್ಯಾಳ" ಎಂದರು.

ಅಕ್ಕ ನಾಲಿಗೆ ಕಚ್ಚಿಕೊಂಡಳು.

"ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಸಲುವಾಗಿ ಅವರ ಮನಿ ಕಾರ್ಯ ಕೆಡಾಕತ್ತೈತಿ ಅವ್ವಾ, ಹೋಗಿ ಕ್ಷಮಾ ಕೇಳಿ ಬಾ ಅಂದ್ಲು. ಅದಕ್ಕ ಬಂದೆ."

"ನಿಮ್ಮ ಮಗಳು ಕೆಲಸ ಮಾಡೋದು ಆ ಕಂಟ್ರೋಲ್ ರೂಮಲ್ಲೇನಾ?" ಅಕ್ಕ ನಿಧಾನವಾಗಿ ಕೇಳಿದಳು.

"ಹೂಂ ರೀ. ಗಂಟಿ ಬಾರಿಸಿದ್ರ ಎಲ್ಲಾರೂ ಹೊರಗ ಬರ್ತಾರಂತ, ಆಕಿ ಬರಂಗಿಲ್ಲಂತ. ಕೆಲಸಕ್ಕ ಸೇರಿದಾಗಿಂದ ನನಗ ಅದ ಒಂದ ಚಿಂತಿ. ನಿನ್ನೆ ಆಕಿ, 'ಅವ್ವಾ, ಇಲ್ಲೊಬ್ರು ಅಜ್ಜಾರು ಬಂದಾರ. ಮೂರು ದಿನದಿಂದ ನೆಲದ ಮ್ಯಾಲ ಹೊರಳಾಡಿ ನಮ್ಮ ಗಾಳಿ ನೋಡಾಕತ್ತಾರ' ಅಂದ್ಲು. ನಿನ್ನೆ ನಾ ಚಂದಂಗ ನಿದ್ದಿ ಮಾಡೀನ್ರಿ."

ಅಕ್ಕ ಅವರನ್ನು ಒಳಗೆ ಕರೆದು ಕೂರಿಸಿದಳು. ಕಾಫಿ ಕೊಟ್ಟಳು, ಕುಂಕುಮ ಕೊಟ್ಟಳು, ಆಟೋವರೆಗೆ ಹೋಗಿ ಕಳಿಸಿ ಬಂದಳು. ಬಂದವಳೇ ಪುರೋಹಿತರಿಗೆ ಫೋನ್ ಮಾಡಿ, ಮುಂದಿನ ತಿಂಗಳು ಒಳ್ಳೆಯ ದಿನ ನೋಡಿ ಎಂದಳು. ಅವರು "ಅಮ್ಮಾ, ನಾಳೆ ಬೆಳಿಗ್ಗೆ ಹೋಮ!" ಎನ್ನುತ್ತಿದ್ದಂತೆಯೇ ಇಟ್ಟುಬಿಟ್ಟಳು. ಆಮೇಲೆ ಆ ಹುಡುಗಿಯ ನಂಬರಿಗೆ ಹಚ್ಚಿ, ಭಾವನನ್ನು ಕರೆಸಿದಳು.

"ಹೊರಟೆ ಕಣೆ, ಬ್ಯಾಗು ಕೈಯಲ್ಲೇ ಇದೆ, ಬೈಬೇಡ" ಎಂದು ಭಾವ ಶುರುಮಾಡಿದರು.

"ಬ್ಯಾಗ್ ಕೆಳಗಿಡಿ. ಶಾಂತಿ ಮುಂದಕ್ಕೆ ಹಾಕ್ಸಿದೀನಿ. ಆ ಮಗು ಕೂತ್ಕೊಳ್ಳೋ ಜಾಗ ಪೂರ್ತಿ ಸರಿಹೋದ ಮೇಲೇ ಬನ್ನಿ."

ಆ ಕಡೆಯಿಂದ ಏನೋ ಸೊರಸೊರ ಸದ್ದು. ಲೈನು ಕೆಟ್ಟಿತೇನೋ ಎಂದು ನಾನು ಬಗ್ಗಿ ಕಿವಿಗೊಟ್ಟೆ. ಲೈನು ಸರಿಯಾಗೇ ಇತ್ತು. ನಮ್ಮ ಭಾವ ಅಳುತ್ತಿದ್ದರು.

"ಊಟ ಮಾಡಿದ್ರಾ?" ಎಂದು ಕೇಳಿದ ಅಕ್ಕ, ಅವರು ಉತ್ತರಿಸುವವರೆಗೂ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದಳು.