ಮೊಮ್ಮಗಳ ನರವೂ ನನ್ನ ನೋಟ್‌ಬುಕ್ಕೂ

ನಾನು ಬಿ.ಎಸ್ಸಿ. ಓದಿದವಳು, ಮನೆಯ ಯಾವ ಸಂಗತಿಯನ್ನೂ ಬರೆದಿಡದೆ ಬಿಟ್ಟವಳಲ್ಲ. ಆದರೂ ನೋಟ್‌ಬುಕ್ ಹಿಡಿದು ಆಸ್ಪತ್ರೆಗೆ ಹೋದಾಗಲೆಲ್ಲ ಏನಾದರೊಂದು ನಗೆಪಾಟಲು ಆಗಿಯೇ ತೀರುತ್ತದೆ.

ಎಂಟು ಚುಚ್ಚು

ಎರಡು ವರ್ಷದ ಮೊಮ್ಮಗಳಿಗೆ ಹರ್ನಿಯಾ ಆಪರೇಶನ್ ಆಗಬೇಕಿತ್ತು. ರಾಮದುರ್ಗಕ್ಕೆ ಕರೆದೊಯ್ದೆವು. ಗುಂಡುಗುಂಡಗಿನ ಕೈಕಾಲು, ಸಲಾಯಿನ್ ಹಚ್ಚಲು ನರವೇ ಸಿಗಲಿಲ್ಲ. ಎಂಟು ಕಡೆ ಚುಚ್ಚಿ, "ಇವತ್ತ ಬ್ಯಾಡ್ರಿ" ಎಂದರು. ಎಂಟನ್ನೂ ಎಡಬಲ, ವೇಳೆ ಸಹಿತ ಬರೆದುಕೊಂಡೆ.

ವಾಪಸು ಬರುವಾಗ ಯರಗಟ್ಟಿಯಲ್ಲಿ ಹತ್ತಿದ ಬಸ್ಸಿನ ಕಂಡಕ್ಟರು ಟಿಕೆಟ್ ತೂತು ಮಾಡುವ ಪಂಚನ್ನು ಕಟಕಟ ಅನ್ನಿಸಿದ್ದೇ ತಡ, ಮೊಮ್ಮಗಳು ಎರಡೂ ಕೈ ನನ್ನ ಸೆರಗಿನೊಳಗೆ ಹುದುಗಿಸಿ ಚೀರಿದಳು.

"ಯವ್ವಾ, ನಾ ಟಿಕೆಟಿಗೆ ಅಷ್ಟ ಚುಚ್ಚತೇನಿ!" ಎಂದು ಆತ ಪಂಚನ್ನು ಬೆನ್ನ ಹಿಂದೆ ಮುಚ್ಚಿಟ್ಟ. ನಮ್ಮೂರು ಕಿತ್ತೂರು ಬಂದರೂ ನನ್ನ ಟಿಕೆಟ್ಟಿಗೆ ತೂತು ಬೀಳಲಿಲ್ಲ.

ಕಾಯಿ ಹಿಡಿಯುವವನು

ಹರ್ನಿಯಾ ಹಾಗೇ ಬಿಡುವಂತಿರಲಿಲ್ಲ. ಬೈಲಹೊಂಗಲದ ಇನ್ನೊಂದು ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಹೇಳಿದರು: "ಮೊದಲ ಗ್ಯಾಸ್ ಕೊಟ್ಟ ಮಲಗಸ್ತೇವ್ರಿ. ಆಮ್ಯಾಲೆ ಸ್ಕ್ಯಾನಿಂಗ್ ಮಷಿನ್‌ನ್ಯಾಗ ನರ ನೋಡಕೊಂತ ಸೂಜಿ ಹಾಕತೇವಿ."

ದೊಡವಾಡದಿಂದ ಬಂದಿದ್ದ ನನ್ನ ನಾದಿನಿಗೆ ಗಾಬರಿ. "ವೈನೀ, ಸ್ಕ್ಯಾನಿಂಗ್ ಬಸರಿ ಹೆಂಗಸರಿಗೆ ಅಲ್ಲೇನ್ರಿ?"

"ನೆಲದಾಗಿನ ನೀರ ನೋಡಿ ಬೋರ್ ಹಾಕಸ್ತೀರಿಲ್ಲೋ, ಹಂಗ" ಎಂದು ಕಾಲೇಜು ಕಲಿತ ಗತ್ತಿನಲ್ಲಿ ತಿಳಿಸಿದೆ.

"ಅಷ್ಟಕ್ಕ ಮಷಿನ್ ಯಾಕ್ರಿ? ಅಂಗೈ ಮ್ಯಾಲೆ ತೆಂಗಿನಕಾಯಿ ಇಟಗೊಂಡ ನೀರ ತೋರಸಾಂವ ನಮ್ಮೂರಾಗ ಅದಾನ. ಕರಸ್ಲೇನು?"

ಒಂದು ಮತ್ತು ನಾಲ್ಕು

ಆಪರೇಶನ್ ದಿನ ಕೂಸಿನ ಬಾಯಿಗೆ ಏನೂ ಹಾಕುವಂತಿರಲಿಲ್ಲ. ಅದು ಹಸಿದಿರುವಾಗ ನನಗೆ ಚಹಾ ಸಹ ಇಳಿಯಲಿಲ್ಲ. ಒಳಗೆ ಒಯ್ದು ಬಾಗಿಲು ಹಾಕಿದರು. ವರಾಂಡದಲ್ಲಿ ತಿರುಗಿದೆ, ಕುಂತೆ, ಎದ್ದೆ, ಮತ್ತೆ ತಿರುಗಿದೆ. ನೋಟ್‌ಬುಕ್ ತೆರೆದರೆ ಅದೇ ಎಂಟು ಚುಚ್ಚಿನ ಪುಟ.

"ವೈನೀ, ಒಂದ ಬಿಸ್ಕೀಟರ ತಿನ್ರಿ."

"ನೀ ಸುಮ್ನಿರ!"

ಕೊನೆಗೆ ನರ್ಸ್ ಇಣುಕಿದಳು. "ಅಜ್ಜೀ, ಒಂದ ಚುಚ್ಚಿಗೆ ನರ ಸಿಕ್ತ್ರಿ!"

ಬರೆದುಕೊಳ್ಳಲು ಪೆನ್ನು ತೆಗೆದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಮಂಚದ ಮೇಲಿದ್ದೆ. ಅದೇ ನರ್ಸ್ ಸಲಾಯಿನ್ ಹಚ್ಚಲು ನನ್ನ ಕೈ ತಟ್ಟುತ್ತ, "ಇವರಿಗೆ ನರಾನ ಸಿಗವಲ್ವು" ಅನ್ನುತ್ತಿದ್ದಳು.

"ಆ ಮಷಿನ್ ತರ್ರಿ!" ಎಂದು ಚೀರಿದೆ.

"ಅದು ಸಣ್ಣ ಮಕ್ಕಳಿಗೆ ತಂದದ್ದ್ರಿ ಅಜ್ಜೀ. ಅಳಬ್ಯಾಡ್ರಿ."

ಆಪರೇಶನ್ ಸಸೂತ್ರ ಮುಗಿದಿತ್ತು. ಸಂಜೆ ಮೊಮ್ಮಗಳು ಬಿಸ್ಕೀಟು ತಿನ್ನುತ್ತ, ನನ್ನ ಕೈಯ ಪಟ್ಟಿಗಳ ಮೇಲೆ ಉಫ್ ಉಫ್ ಎಂದು ಊದುತ್ತಿದ್ದಳು. ನೋಟ್‌ಬುಕ್ ತೆರೆದೆ. ಆ ದಿನದ ಪುಟ ಖಾಲಿ ಇರಲಿಲ್ಲ. ನಾದಿನಿ ದುಂಡಗೆ ಬರೆದಿಟ್ಟಿದ್ದಳು:

"ಕೂಸು: ಒಂದು. ವೈನಿ: ನಾಲ್ಕು. ಅತ್ತವರು: ವೈನಿ."