ಕೂರಲು ಕಲಿಯದ ಕಾಕು

ನಮ್ಮ ಕಾಕು ಕುಳಿತದ್ದನ್ನು ನಾನು ಸರಿಯಾಗಿ ನೋಡಿದ್ದೇ ಆಕೆಗೆ ಕ್ಯಾನ್ಸರ್ ಆದ ಮೇಲೆ! ಕಾಕು ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ, ಬೋರಗಾಂವದ ನಮ್ಮ ಮನೆಯ ಕಿರಿಸೊಸೆ. ಹಿರಿಯರು ಒಳಗೆ ಬಂದರೆ ಸೊಸೆಯಂದಿರು ತಲೆಗೆ ಸೆರಗು ಹೊದ್ದು ಏಳಬೇಕೆಂಬುದು ನಮ್ಮ ಕಡೆಯ ಪದ್ಧತಿ. ಉಳಿದವರು ಅರ್ಧ ಎದ್ದಂತೆ ಮಾಡಿ ಮತ್ತೆ ಕೂರುತ್ತಿದ್ದರು. ಕಾಕುವಿಗೆ ಅಂಥ ಕಳ್ಳಾಟ ಗೊತ್ತಿರಲಿಲ್ಲ. ಆಕೆಯ ಮಾವ, ಅಂದರೆ ನನ್ನ ಅಜ್ಜ, ಓಣಿಯ ತುದಿಯಲ್ಲಿ ಕೆಮ್ಮಿದರೆ ಅಡುಗೆಮನೆಯಲ್ಲಿ ಈಕೆ ಎದ್ದಳೆಂದೇ ತಿಳಿಯಬೇಕು.

ಮನೆಗೆ ಟಿವಿ ಬಂದಾಗ ಅದರೊಳಗೊಬ್ಬ ಬಿಳಿಗಡ್ಡದ ಮಂತ್ರಿ ಕಾಣಿಸಿದ. ಕಾಕು ಎದ್ದೇ ಬಿಟ್ಟಳು.

"ಅಂವಗ ನೀ ಕಾಣಸ್ತೀಯೇನ ಕಾಕು?" ಅಂದೆ.

"ಅಂವಗ ಕಾಣಸೂದಿಲ್ಲ. ನನಗ ಅಂವ ಕಾಣಸಾಕತ್ತಾನಲ್ಲಪಾ," ಅಂದಳು.

ತೊಂಬತ್ತರ ದಶಕದಲ್ಲಿ ಆಕೆಯ ಎದೆಯಲ್ಲಿ ಗಂಟು ಕಾಣಿಸಿತು. ಗಡಿಯಾಚೆ, ಮಹಾರಾಷ್ಟ್ರದ ಮಿರಜಿನಲ್ಲಿ ಆಪರೇಷನ್ ಆಗಿ, ಕೆಂಪು ಬಣ್ಣದ ಇಂಜೆಕ್ಷನ್ನುಗಳು ಶುರುವಾದವು. ಕೂದಲು ಉದುರಿದಾಗ ಮನೆಯವರೆಲ್ಲ ಅತ್ತರೆ, "ಚಲೋ ಆತು ಬಿಡ್ರಿ, ಹೇನು ನೋಡೂದು ತಪ್ಪಿತು" ಅಂದವಳು ಕಾಕು ಒಬ್ಬಳೇ. ಎಂಥ ಗಟ್ಟಿ ಜೀವ ಅಂತೀರಿ!

ಆದರೆ ಇಂಜೆಕ್ಷನ್ನು ನಡೆದಂತೆ ಸುಮ್ಮನೆ ಮಲಗಿದ್ದರೂ ಎದೆ ಡವಡವ ಅನ್ನತೊಡಗಿತು. ಎದ್ದರೆ ಕಣ್ಣಿಗೆ ಕತ್ತಲೆ.

"ಎದಿಯೊಳಗ ಪಾವರಲೂಮ್ ಹಚ್ಯಾರ ನೋಡ್ರಿ. ಕರೆಂಟ್ ಹೋದರೂ ನಿಂದರವಲ್ದು," ಅಂದಳು ಡಾಕ್ಟರಿಗೆ.

ಕನ್ನಡ ಬಲ್ಲ ಆ ಡಾಕ್ಟರು ನಗಲಿಲ್ಲ. "ಈ ಔಷಧ ಹೃದಯಕ್ಕೂ ತ್ರಾಸ ಕೊಡತೈತಿ. ಎದ್ದಾಗ ನೆತ್ತಿಗೆ ರಕ್ತ ಏರಸೂ ನರಾನೂ ದಣದಾವು. ಮೊದಲ ಎದ್ದು ಕುಂಡ್ರಬೇಕು, ಸ್ವಲ್ಪ ತಡದು ನಿಂದರಬೇಕು. ಮುಂದಿನ ಸಲ ಹೃದಯ ತಪಾಸಣಿ ಮಾಡ್ತೇನಿ. ಅದು ಸೋತಿತ್ತಂದ್ರ ಈ ಇಂಜೆಕ್ಷನ್ ಬಂದ್. ಆಮ್ಯಾಲೆ ರೋಗ ತಡಿಯೂದು ಕಠಿಣ ಐತಿ," ಅಂದರು.

ಕಾಕು ತಲೆಯಾಡಿಸಿದಳು. ಡಾಕ್ಟರು ಕುರ್ಚಿ ಬಿಟ್ಟು ಎದ್ದರು. ಈಕೆಯೂ ಥಟ್ಟನೆ ಎದ್ದು ಅವರ ಮೈಮೇಲೇ ಬಿದ್ದಳು.

"ಈಗ ಏನ ಹೇಳಿದ್ನಿ ನಾ?"

"ನೀವು ಎದ್ರಿ. ನಾ ಹೆಂಗ ಕುಂಡ್ರಲ್ರಿ?"

ಊರಿಗೆ ಬಂದ ಮೇಲೆ ಆಕೆಯ ಗಂಡ, ನಮ್ಮ ಕಾಕಾ, ಬೈದ, ಕೈಮುಗಿದ. ಅಜ್ಜ ಮರುದಿನದಿಂದ ತನ್ನ ಕಿರ್ರೆನ್ನುವ ಚಪ್ಪಲಿಯನ್ನು ಪಕ್ಕದ ಮನೆಯ ಕಟ್ಟೆಯಲ್ಲಿ ಬಿಟ್ಟು, ಕೆಮ್ಮು ನುಂಗಿಕೊಂಡು, ಹಿತ್ತಲ ಬಾಗಿಲಿಂದ ಬರತೊಡಗಿದ. ಇಡೀ ಓಣಿಯನ್ನು ಹೆದರಿಸುತ್ತಿದ್ದ ಮನುಷ್ಯ ತನ್ನ ಮನೆಗೇ ಕಳ್ಳನಂತೆ ನುಗ್ಗುವುದೆಂದರೇನು! ಗುರುತು ಹತ್ತದೆ ನಾಯಿಗಳು ಬೊಗಳಿದವು. ಎರಡೇ ದಿನ, ನಾಯಿ ಬೊಗಳಿದರೆ ಕಾಕು ಏಳತೊಡಗಿದಳು.

ತಪಾಸಣೆಗೆ ಅಜ್ಜನೂ ಮಿರಜಿಗೆ ಬಂದ. ಕೋಣೆಯ ಹೊರಗೆ ಇದ್ದದ್ದು ಒಂದೇ ಬೆಂಚು, ಅದರ ಮೇಲೆ ಅಜ್ಜ. ತಪಾಸಣೆ ಮುಗಿಸಿ ಬಂದ ಕಾಕು ಬೆವರುತ್ತ ಗೋಡೆ ಹಿಡಿದು ನಿಂತಳು. ನಾನು ಎಷ್ಟು ಹೇಳಿದರೂ ಕೂರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅಷ್ಟರಲ್ಲಿ ಡಾಕ್ಟರು ಬಂದು, ಹೃದಯ ತಡೆದುಕೊಂಡಿದೆ, ಇಂಜೆಕ್ಷನ್ ಮುಂದುವರಿಸೋಣ, ಆದರೆ ಈಕೆ ಇನ್ನು ಬೀಳಬಾರದು ಅಂದರು.

ಅಜ್ಜ ಎದ್ದ.

"ಕುಂಡ್ರ ಯವ್ವಾ."

"ನಿಮ್ಮ ಮುಂದ ಹೆಂಗ್ರಿ, ಮಾವಾರ?"

"ನನ್ನ ಹಡದಾಕಿ ಕುಂತಾಳಂತ ತಿಳಕೊಂತೇನಿ. ಕುಂಡ್ರ."

ಕಾಕು ಮೆಲ್ಲಗೆ ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಪಕ್ಕದಲ್ಲಿ ಜಾಗವಿತ್ತು. ಬಸ್ಸಿನ ಹೊತ್ತಾಗುವವರೆಗೂ ಅಜ್ಜ ಅಲ್ಲಿ ಕೂರಲಿಲ್ಲ.