ಸೀದಾ ಸ್ಕೋಪು, ಓರೆ ಸ್ಕೋಪು, ಹಾಜಿಯ ಕುತ್ತಿಗೆ

ದೂರದ್ದನ್ನು ಹತ್ತಿರ ತೋರಿಸುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತರೆ, ಹತ್ತಿರದವರ ಎಡವಟ್ಟು ನೋಡಲಿಕ್ಕೆ ಯಾವ ಗಾಜೂ ಬೇಡ. ಅವು ತಾವಾಗಿಯೇ ಬಾಗಿಲು ದೂಡಿಕೊಂಡು ಬರುತ್ತವೆ. ಬಹ್ರೇನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಅಂಗಡಿಯಲ್ಲಿ ಬೇಟೆಗೆ ಹೋಗುವವರ ಸಾಮಾನು ಸಿಗುತ್ತದೆ: ಡೇರೆ, ಟಾರ್ಚು, ಗಿಡುಗನ ಕಣ್ಣು ಮುಚ್ಚುವ ತೊಗಲಿನ ಟೊಪ್ಪಿ, ದುರ್ಬೀನು, ಸ್ಕೋಪು. ಸ್ಕೋಪು ಅಂದರೆ ಒಂದೇ ಕಣ್ಣಿನಿಂದ ನೋಡುವ ದೊಡ್ಡ ದುರ್ಬೀನು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ ದೂರದ ಹಕ್ಕಿಯನ್ನು ಹುಡುಕುವಂಥದ್ದು. ಅದರಲ್ಲಿ ಎರಡು ಜಾತಿ. ಸೀದಾ ಸ್ಕೋಪಿನಲ್ಲಿ ಕೊಳವೆಯ ಮುಖ ಯಾವ ಕಡೆಗೋ ನಿಮ್ಮ ಮುಖವೂ ಆ ಕಡೆಗೆ. ಓರೆ ಸ್ಕೋಪಿನಲ್ಲಿ ಕಣ್ಣಿಡುವ ತುದಿ ಮೇಲಕ್ಕೆ ಬಾಗಿರುತ್ತದೆ. ತಲೆ ಬಗ್ಗಿಸಿ, ಬಾವಿಗೆ ಇಣುಕಿದ ಹಾಗೆ ನೋಡಬೇಕು.

ಮೊದಲೇ ಹೇಳಿಬಿಡುತ್ತೇನೆ, ತಲೆ ಬಗ್ಗಿಸುವುದು ನನಗೆ ಆಗದ ಕೆಲಸ. ಶಾಲೆ ಅರ್ಧಕ್ಕೆ ಬಿಟ್ಟವನು ನಾನು. ಕಲಿತದ್ದೆಲ್ಲ ರದ್ದಿ ಪೇಪರಿನಿಂದ, ಸಾಮಾನಿನ ಪೆಟ್ಟಿಗೆಯಲ್ಲಿ ಬರುವ ಪುಸ್ತಿಕೆಗಳಿಂದ, ಮತ್ತು ಜಗಳಗಳಿಂದ. ಕುಂದಾಪುರ ಕಡೆಯ ನಮ್ಮ ಮಾಲಕರನ್ನು ಎಲ್ಲರೂ ‘ಧಣಿ’ ಅನ್ನುತ್ತಾರೆ. ನಾನು ‘ಮಾರಾಯ್ರೆ’ ಅನ್ನುತ್ತೇನೆ. ಇಡೀ ದಿನ ನಿಂತು ಕೆಲಸ ಮಾಡುವವರಿಗೆ ಒಂದು ಕುರ್ಚಿ ಹಾಕಿಸದ ಮನುಷ್ಯನನ್ನು ಧಣಿ ಅನ್ನಲಿಕ್ಕೆ ನನ್ನ ನಾಲಿಗೆ ಹೊರಳುವುದಿಲ್ಲ. ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ. ಅದು ಅವರದ್ದು.

ಮಿನಾರಿನ ಬದನೆಕಾಯಿ

ಹೋದ ವರ್ಷ ಚಳಿಗಾಲದ ಮೊದಲಿಗೆ ಓರೆ ಸ್ಕೋಪುಗಳು ಹೆಚ್ಚಾಗಿ ಬಂದುಬಿಟ್ಟವು. ಮಾಲಕರು ನನ್ನನ್ನು ಕರೆದು, “ನೋಡು, ಯಾರು ಬಂದರೂ ಓರೆಯೇ ಒಳ್ಳೆಯದು ಅಂತ ಹೇಳ್ಬೇಕು” ಎಂದರು.

“ಯಾರಿಗೆ ಯಾವುದು ಒಳ್ಳೆಯದೋ ಅದನ್ನು ಹೇಳ್ತೇನೆ ಮಾರಾಯ್ರೆ. ಸುಳ್ಳು ಹೇಳಲಿಕ್ಕೆ ನನಗೆ ಸಂಬಳ ಕೊಡುವುದಿಲ್ಲ ನೀವು.”

“ನಿನ್ನ ಹತ್ತಿರ ಮಾತಾಡುವುದಕ್ಕಿಂತ ನಾನೇ ಮಾರುವುದು ಸುಲಭ” ಎಂದು ಅವರೇ ಎದ್ದರು.

ಗಿರಾಕಿಗಳು ಸ್ಕೋಪನ್ನು ಪರೀಕ್ಷೆ ಮಾಡುವುದು ಅಂಗಡಿಯ ಬಾಗಿಲಲ್ಲಿ ನಿಂತು. ಎದುರಿಗೆ ಮಸೀದಿಯ ಮಿನಾರು, ಅದರ ತುದಿಯ ಚಂದ್ರ. ಮಾಲಕರು ಓರೆ ಸ್ಕೋಪನ್ನು ಆ ಕಡೆ ತಿರುಗಿಸಿದರು. ಓರೆಯದ್ದರ ಕಷ್ಟ ಇರುವುದು ಇಲ್ಲೇ: ನೀವು ಕೆಳಗೆ ನೋಡುತ್ತೀರಿ, ಕೊಳವೆ ಎದುರಿಗೆ ನೋಡುತ್ತದೆ. ಅಭ್ಯಾಸ ಇಲ್ಲದವರ ಗುರಿ ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ. ಮಾಲಕರಿಗೆ ಅಭ್ಯಾಸ ಇರಲಿಲ್ಲ, ಧೈರ್ಯ ಇತ್ತು.

“ನೋಡಿ ಸಾರ್, ಮಿನಾರಿನ ತುದಿ! ಎಷ್ಟು ಸ್ಪಷ್ಟ!”

ಗಿರಾಕಿ ಬಗ್ಗಿ ಕಣ್ಣಿಟ್ಟ. ತುಂಬ ಹೊತ್ತು ನೋಡಿದ. “ಮಿನಾರಿನ ಮೇಲೆ ಬದನೆಕಾಯಿ ಉಂಟಲ್ಲ” ಎಂದ.

ಸ್ಕೋಪು ಜಾರಿ, ಮೂಲೆಯ ತರಕಾರಿ ಅಂಗಡಿಯ ಬುಟ್ಟಿಗೆ ನೆಟ್ಟಿತ್ತು. ಇನ್ನೊಬ್ಬನಾಗಿದ್ದರೆ ನಾಚಿಕೆಯಿಂದ ಒಳಗೆ ಹೋಗುತ್ತಿದ್ದ. ನಮ್ಮ ಮಾಲಕರು ರೆಪ್ಪೆಯನ್ನೂ ಮಿಟುಕಿಸಲಿಲ್ಲ. “ಅದರ ಮೇಲೆ ಚೀಟಿ ಅಂಟಿಸಿದ್ದಾರೆ, ರೇಟು ಓದಿ ಸಾರ್” ಎಂದರು.

ಗಿರಾಕಿ ರೇಟು ಓದಿದ. ಸ್ಕೋಪು ಕೊಂಡ. ಹೋಗುವಾಗ ಬದನೆಕಾಯಿಯನ್ನೂ ಕೊಂಡುಹೋದ.

ಅಂಗಡಿಗೆ ಸಮಾನತೆ ಬಂದ ದಿನ

ಆ ವಾರವೇ ಹಾಜಿ ಬಂದದ್ದು. ಬಹ್ರೇನಿನವರೇ, ರಿಫಾದಲ್ಲಿ ಮನೆ. ವಯಸ್ಸಾಗಿ ಬೆನ್ನು ಗೂನಾಗಿ, ಕುತ್ತಿಗೆ ಮುಂದಕ್ಕೆ ಬಗ್ಗಿ ಅಲ್ಲೇ ಗಟ್ಟಿಯಾಗಿಬಿಟ್ಟಿತ್ತು. ನಿಂತರೆ ತಮ್ಮ ಚಪ್ಪಲಿಯನ್ನೇ ನೋಡುತ್ತಿರುವ ಹಾಗೆ ಕಾಣುತ್ತಿದ್ದರು. ಅವರ ಮಾತು ಅರಬಿ ಬೆರೆತ ಹಿಂದಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಪ್ರತಿ ಚಳಿಗಾಲ ಅವರೂ ಮಕ್ಕಳೂ ಪರವಾನಗಿ ಮಾಡಿಸಿ, ಸಮುದ್ರದ ಸೇತುವೆ ದಾಟಿ, ಆಚೆಯ ಮರುಭೂಮಿಗೆ ಗಿಡುಗ ತೆಗೆದುಕೊಂಡು ಬೇಟೆಗೆ ಹೋಗುತ್ತಾರಂತೆ. ಹುಬಾರಾ ಅನ್ನುವ ಹಕ್ಕಿ ಮರಳಿನದೇ ಬಣ್ಣ, ಪೊದೆಯ ಪಕ್ಕ ಕೂತರೆ ಕಾಣುವುದಿಲ್ಲ. ಅದನ್ನು ಕಂಡುಹಿಡಿಯುವುದು ಹಾಜಿಯ ಕೆಲಸ. ಈಗ ಮಕ್ಕಳು ಹೇಳಿಬಿಟ್ಟಿದ್ದಾರೆ: “ಬಾಬಾ, ನಿಮಗೆ ಹಕ್ಕಿ ಹುಡುಕಲಿಕ್ಕೆ ಆಗುವುದಿಲ್ಲ. ಈ ಸಲ ಮನೆಯಲ್ಲಿರಿ.”

“ಒಳ್ಳೆಯ ಸ್ಕೋಪು ಕೊಡು ಸದೀಕ್” ಎಂದರು ನನಗೆ. ಸದೀಕ್ ಅಂದರೆ ಗೆಳೆಯ. “ಹಕ್ಕಿ ಹುಡುಕಿ ಕೊಟ್ಟರೆ ಹೇಗೆ ಬಿಟ್ಟುಹೋಗ್ತಾರೆ, ನೋಡ್ತೇನೆ.”

ಮಾಲಕರು ಓರೆಯದ್ದನ್ನು ಮುಂದೆ ತಂದಿಟ್ಟರು. ಹಾಜಿ ಮುಖ ಸಿಂಡರಿಸಿದರು. “ಇದಕ್ಕೆ ಬಗ್ಗಬೇಕಾ? ನಾನು ನಮಾಜಿಗೆ ಬಗ್ಗುತ್ತೇನೆ. ಒಂದು ಕೊಳವೆಗೆ ಬಗ್ಗುವುದಿಲ್ಲ.”

ನನ್ನ ರಕ್ತ ಕುಣಿಯಿತು. “ಬಗ್ಗಬೇಡಿ ಹಾಜಿ! ಯಾರಿಗೂ ಬಗ್ಗಬೇಡಿ!” ಎಂದು ಸೀದಾ ಸ್ಕೋಪನ್ನು ಎತ್ತರದ ಸ್ಟ್ಯಾಂಡಿಗೆ ಏರಿಸಿದೆ. ಹಾಜಿ ಗಲ್ಲ ಎತ್ತಲು ನೋಡಿದರು. ಆಗಲಿಲ್ಲ. ತಲೆಯ ವಸ್ತ್ರ ಜಾರಿತು, ಕಣ್ಣಲ್ಲಿ ನೀರು ಬಂತು.

“ಏನು ಕಾಣ್ತದೆ ಹಾಜಿ?”

“ಕುರಿ.”

ಅದು ಪಾರ್ಕು ಮಾಡಿದ ಬಿಳಿ ಪಿಕಪ್.

ನನಗೆ ಒಂದು ಉಪಾಯ ಹೊಳೆಯಿತು. ಮಾಲಕರ ಕುರ್ಚಿಯನ್ನು ಬಾಗಿಲಿಗೆ ಎಳೆದುತಂದು ಹಾಜಿಯನ್ನು ಕೂರಿಸಿ ಹಿಂದಕ್ಕೆ ಒರಗಿಸಿದೆ. ಬೆನ್ನು ಹಿಂದೆ ಹೋಯಿತು, ಬಗ್ಗಿದ ಮುಖ ತಾನಾಗಿ ನೇರಕ್ಕೆ ಬಂತು. ಕಣ್ಣು ಸೀದಾ ಸ್ಕೋಪಿಗೆ. “ವಲ್ಲಾ! ಪಿಕಪ್!” ಎಂದು ಹಾಜಿ ದೇವರಾಣೆ ಹಾಕಿ ಕೂಗಿದರು. ಆ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಸ್ಕೋಪು ತೆಗೆದುಕೊಂಡರು. ಎದ್ದು ನಿಂತು, “ಕುರ್ಚಿ ಎಷ್ಟಕ್ಕೆ?” ಎಂದರು.

ಮಾಲಕರು ಒಂದು ಕ್ಷಣ ಯೋಚಿಸಿದರು. ವ್ಯಾಪಾರಿ ಅಲ್ಲವಾ, ಮಾರಿಬಿಟ್ಟರು. ಸಂಘ ಕಟ್ಟಿ, ಕೂಗಾಡಿ, ಗಂಟಲು ಹರಿದುಕೊಂಡರೂ ಎಲ್ಲಿಯೂ ತರಲಾಗದ ಸಮಾನತೆ ಆ ದಿನ ನಮ್ಮ ಅಂಗಡಿಗೆ ತಾನಾಗಿ ಬಂತು. ಮಾಲಕರೂ ನಿಂತೇ ಇದ್ದರು.

ಆಕಾಶ ನೋಡಿದ ಹಾಜಿ

ಶುಕ್ರವಾರ ರಜೆ. ಹಾಜಿ ಫೋನು ಮಾಡಿ ಮನೆಗೆ ಬಾ ಎಂದರು. ಹೋದೆ. ಮನೆಯ ಹಿಂದೆ ಖಾಲಿ ಮರಳಿನ ಜಾಗ. ಅಲ್ಲಿ ಕುರ್ಚಿ, ಕುರ್ಚಿಯ ಮುಂದೆ ಸ್ಕೋಪು. ಹಿರಿಯ ಮಗ ಕೈಕಟ್ಟಿ ನಿಂತಿದ್ದ. ಹಾಜಿಯ ಹೆಂಡತಿ ಬಾಗಿಲ ಮೆಟ್ಟಿಲಲ್ಲಿ ಕೂತು ಖರ್ಜೂರದ ಬೀಜ ಬಿಡಿಸುತ್ತಿದ್ದರು. ಗಿಡ್ಡ ಜೀವ, ಉದ್ದ ನಾಲಿಗೆ. ನಾನು ಅವರನ್ನು ಖಾಲಾ ಅನ್ನುತ್ತೇನೆ, ಅಂದರೆ ಚಿಕ್ಕಮ್ಮ.

“ನೋಡು ಮಗನೇ” ಎಂದರು ಖಾಲಾ ನನಗೆ, “ಒಂದು ಹಕ್ಕಿ ನೋಡಲಿಕ್ಕೆ ಇವರು ಸುಲ್ತಾನನ ಹಾಗೆ ಮಲಗಬೇಕಂತೆ. ಮರುಭೂಮಿಯಲ್ಲಿ ಕುರ್ಚಿ ಹೊರುವುದು ಯಾರು? ಹಕ್ಕಿಯಾ?”

“ನೀನು ಬೀಜ ಬಿಡಿಸು” ಎಂದು ಹಾಜಿ ಕೂತು ಒರಗಿದರು.

ಅಂಗಡಿಯ ನೆಲ ಟೈಲ್ಸು. ಇಲ್ಲಿ ಮರಳು. ಕುರ್ಚಿಯ ಹಿಂದಿನ ಕಾಲುಗಳು ಮೆಲ್ಲಗೆ ಹೂತವು. ಹಾಜಿ ಇನ್ನೂ ಒರಗಿದರು, ಇನ್ನೂ, ಆಮೇಲೆ ಕಾಲು ಮೇಲಾಗಿ ಪೂರ್ತಿ ಮಲಗಿಬಿಟ್ಟರು. ನಾನು ಓಡಿದೆ. ಏನೂ ಪೆಟ್ಟಾಗಿರಲಿಲ್ಲ. ಬಿದ್ದಲ್ಲಿಂದಲೇ ಗಂಭೀರವಾಗಿ, “ಮೇಲೆ ಹಕ್ಕಿ ಇಲ್ಲ” ಎಂದರು.

ಖಾಲಾ ನಕ್ಕರು, ನಾನೂ ನಕ್ಕೆ. ಮಗ ನಗಲಿಲ್ಲ. “ಆಯ್ತಲ್ಲ ಬಾಬಾ. ಖಲಾಸ್. ಮನೆಯಲ್ಲಿರಿ” ಎಂದು ಒಳಗೆ ಹೋದ.

ಹಾಜಿಯೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟಕ್ಕೂ ಬರಲಿಲ್ಲ. ನನ್ನ ಮೈ ಉರಿದುಹೋಯಿತು. ಅಪ್ಪನಿಂದ ಹಕ್ಕಿ ನೋಡಲಿಕ್ಕೆ ಕಲಿತವನು ಅಪ್ಪನಿಗೆ ಮನೆಯಲ್ಲಿರು ಅನ್ನುವುದಾ? ಮಗನ ಮುಖಕ್ಕೇ ಹೇಳುತ್ತೇನೆ ಎಂದು ಎದ್ದೆ. ಖಾಲಾ ಖರ್ಜೂರದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕೂರಿಸಿದರು.

“ಕೂಗಿದರೆ ಮಗನೂ ಬಾಗಿಲು ಹಾಕಿಕೊಳ್ತಾನೆ, ಅಷ್ಟೇ. ಇವರಿಗೆ ಹಕ್ಕಿಯ ಆಸೆಯಲ್ಲ. ಅಲ್ಲಿ ಎಲ್ಲರೂ ಇವರ ಸುತ್ತ ನಿಂತು ಏನು ಕಾಣ್ತದೆ, ಏನು ಕಾಣ್ತದೆ ಅಂತ ಕೇಳ್ತಾರೆ. ಮನೆಯಲ್ಲಿ ಯಾರು ಕೇಳ್ತಾರೆ?” ತಟ್ಟೆಯಿಂದ ಒಂದು ಖರ್ಜೂರ ತೆಗೆದು ಬೀಜ ಬಿಡಿಸುತ್ತಾ ಹೇಳಿದರು: “ಆ ಬಗ್ಗಿದ ಸ್ಕೋಪು ತಾ. ಇವರ ಕುತ್ತಿಗೆ ಹೇಗೂ ಬಗ್ಗಿದೆ, ಅದಕ್ಕೆ ಅದೇ ಸರಿ.”

“ಅವರು ಬಗ್ಗುವುದಿಲ್ಲ ಖಾಲಾ.”

“ಮದುವೆಯಾದಾಗಿನಿಂದ ಹಾಗೆ ಹೇಳ್ತಾ ಇದ್ದಾರೆ” ಎಂದರು ಖಾಲಾ.

ತಪ್ಪು ತಿದ್ದಿದ್ದು

ಸೀದಾ ಹಿಂದಕ್ಕೆ ಬಂತು, ಓರೆ ಹೋಯಿತು. ಮಾಲಕರಿಗೆ ಖುಷಿಯೋ ಖುಷಿ. “ನಾನು ಮೊದಲೇ ಹೇಳಿದ್ದೆ” ಎಂದರು. ಕುರ್ಚಿ ಹಿಂದೆ ಬರಲಿಲ್ಲವಾದ್ದರಿಂದ ನಿಂತುಕೊಂಡೇ ಹೇಳಿದರು.

ಸಂಜೆ ನಾನು ಹಾಜಿಯ ಮನೆಯಲ್ಲಿ ಸ್ಟ್ಯಾಂಡು ಬಿಡಿಸಿ ಓರೆ ಸ್ಕೋಪನ್ನು ಖಾಲಾರ ಎತ್ತರಕ್ಕೆ ಕೂರಿಸಿದೆ. ಹಾಜಿ ಆ ಕಡೆ ಬೆನ್ನು ಹಾಕಿ ಚಹಾ ಕುಡಿಯುತ್ತಿದ್ದರು. ಖಾಲಾ ಬಗ್ಗಿ ಕಣ್ಣಿಟ್ಟು ಜೋರಾಗಿ ಹೇಳತೊಡಗಿದರು.

“ಆಹಾ! ಆ ಗೋಡೆಯ ಮೇಲೆ ಒಂದು ಕಾಗೆ.”

ಹಾಜಿ ಚಹಾ ಹೀರಿದರು.

“ಕಾಗೆಯ ತಲೆಯ ಮೇಲೆ ಜುಟ್ಟು ಉಂಟು.”

ಹಾಜಿಯ ಚಹಾದ ಲೋಟ ಅರ್ಧದಲ್ಲಿ ನಿಂತಿತು.

“ಕಿತ್ತಳೆ ಬಣ್ಣದ ಕಾಗೆ. ಕೊಕ್ಕು ಉದ್ದ.”

“ಕಿತ್ತಳೆ ಬಣ್ಣದ ಕಾಗೆ ಎಲ್ಲಿರ್ತದೆ ಹೆಂಗಸೇ!” ಹಾಜಿ ಲೋಟ ಕುಕ್ಕಿ ಎದ್ದು ಬಂದರು. ಖಾಲಾರನ್ನು ಮೊಣಕೈಯಿಂದ ಸರಿಸಿದರು. ಅವರ ಕುತ್ತಿಗೆ ಎಷ್ಟು ಬಗ್ಗಿತ್ತೋ ಸ್ಕೋಪಿನ ತುದಿಯೂ ಅಷ್ಟೇ ಬಾಗಿತ್ತು. ಸ್ಟ್ಯಾಂಡನ್ನು ಏರಿಸಬೇಕಾಗಿಲ್ಲ, ಇಳಿಸಬೇಕಾಗಿಲ್ಲ. ಕಣ್ಣು ಹೋಗಿ ಗಾಜಿನ ಮೇಲೆ ಕೂತಿತು. “ಹುದ್‌ಹುದ್! ಕಾಗೆಯಂತೆ! ಇಷ್ಟು ವರ್ಷ ಬೇಟೆಗಾರನ ಜೊತೆ ಬದುಕಿ ಹುದ್‌ಹುದ್ ಗೊತ್ತಿಲ್ಲ!” ಹುದ್‌ಹುದ್ ಅಂದರೆ ಜುಟ್ಟಿನ ಹಕ್ಕಿ, ನಮ್ಮ ಚಂದ್ರಮುಕುಟ.

ಆಮೇಲೆ ಅವರು ಅಲ್ಲಿಂದ ಕದಲಲಿಲ್ಲ. ಖಾಲಾ ಪಕ್ಕದಲ್ಲಿ ನಿಂತು, ನಡುನಡುವೆ ತಾವೂ ಇಣುಕಿ, ನೋಡಿದ್ದಕ್ಕೆಲ್ಲ ತಪ್ಪು ಹೆಸರು ಹೇಳುತ್ತಿದ್ದರು. ಹಾಜಿ ತಿದ್ದುತ್ತಿದ್ದರು. ಪಾರಿವಾಳವನ್ನು ಕೋಳಿ ಅಂದಾಗ ಖಾಲಾ ನನ್ನ ಕಡೆ ಒಂದು ನೋಟ ಬೀರಿದರು. ಇಂಥ ಚಳವಳಿಯನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಘೋಷಣೆ ಇಲ್ಲ, ಗಲಾಟೆ ಇಲ್ಲ, ಎದುರಾಳಿ ತಾನಾಗಿ ಎದ್ದು ಬಂದು ಬಗ್ಗಿದ.

“ಹಾಜಿ, ಬಗ್ಗಿದಿರಲ್ಲ?” ಎಂದೆ ತಡೆಯಲಾರದೆ.

“ಯಾರು ಬಗ್ಗಿದ್ದು? ಇವಳ ತಪ್ಪು ತಿದ್ದುತ್ತಾ ಇದ್ದೇನೆ.”

ಕೆಂಪು ರುಮಾಲಿನ ಪಕ್ಕ

ಚಳಿಗಾಲದಲ್ಲಿ ಇಲ್ಲಿಯವರೆಲ್ಲ ಸಖೀರ್ ಕಡೆಯ ಬಯಲಲ್ಲಿ ಡೇರೆ ಹಾಕುತ್ತಾರೆ. ಹಾಜಿಯ ಮನೆಯವರೂ ಹಾಕಿದ್ದರು. ನನ್ನನ್ನೂ ಕರೆದರು. ಬೇಟೆಗೆ ಹೊರಡುವ ದಿನ ಹತ್ತಿರ ಬಂದಿತ್ತು. ಹಿರಿಯ ಮಗ ಕೊನೆಗೊಂದು ಷರತ್ತು ಹಾಕಿದ: “ನಾನು ದೂರದಲ್ಲಿ ನನ್ನ ಕೆಂಪು ರುಮಾಲನ್ನು ಒಂದು ಪೊದೆಗೆ ಕಟ್ಟಿ ಅಲ್ಲೇ ಇರ್ತೇನೆ. ಬಾಬಾ ಅದನ್ನು ಹುಡುಕಿದರೆ ನಮ್ಮ ಜೊತೆ ಬರಲಿ. ಇಲ್ಲದಿದ್ದರೆ ಮತ್ತೆ ಆ ಮಾತು ಬೇಡ.”

ಅಪ್ಪನಿಗೆ ಪರೀಕ್ಷೆ ಇಡುವ ಮಗ! ನಾನು ಬಾಯಿ ತೆರೆದೆ. ಖಾಲಾ ನನ್ನ ಬಾಯಿಗೆ ಒಂದು ಖರ್ಜೂರ ಇಟ್ಟರು.

ಮಗ ಜೀಪು ಹತ್ತಿ ಹೋದ. ಧೂಳಿನ ಗೆರೆ ದೂರ ಹೋಗಿ ಮಾಯವಾಯಿತು. ಹಾಜಿ ಓರೆ ಸ್ಕೋಪಿಗೆ ಬಗ್ಗಿದರು. ಮರಳು. ಕಲ್ಲು. ಪೊದೆ. ಮತ್ತೆ ಮರಳು. ಕೊಳವೆ ಎತ್ತ ತಿರುಗಿದೆ ಎಂದು ಗೊತ್ತಾಗದೆ ಅವರು ಒಮ್ಮೆ ಪಕ್ಕದ ಡೇರೆಯವರ ಪಾತ್ರೆಯನ್ನೂ ನೋಡಿ ಬಂದರು. ಮನೆಯವರೆಲ್ಲ ಸುತ್ತ ನಿಂತಿದ್ದರು. ಹಿರಿಯ ಸೊಸೆಯಂತೂ ಒಲೆಯ ಮೇಲಿನ ಅನ್ನವನ್ನೇ ಮರೆತು ಬಂದಿದ್ದಳು. ಖಾಲಾ ಹಾಜಿಯ ಬೆನ್ನ ಮೇಲೆ ಅಂಗೈ ಇಟ್ಟು ನಿಂತರು.

ಸ್ಕೋಪು ನಿಧಾನವಾಗಿ ಎಡಕ್ಕೆ ಹೋಯಿತು. ನಿಂತಿತು. ಸ್ವಲ್ಪ ಹಿಂದಕ್ಕೆ ಬಂತು. ನಿಂತೇ ಬಿಟ್ಟಿತು.

“ಸಿಕ್ಕಿತು” ಎಂದರು ಹಾಜಿ.

“ರುಮಾಲಾ ಬಾಬಾ?” ಸೊಸೆ ಕೇಳಿದಳು.

“ರುಮಾಲೂ ಉಂಟು. ಅದರ ಪಕ್ಕ ನಿನ್ನ ಗಂಡನೂ ಇದ್ದಾನೆ. ಅವನ ಬಾಯಿಯಿಂದ ಹೊಗೆ ಬರ್ತಾ ಇದೆ.”

“ಹೊಗೆಯಾ? ರಂಜಾನಿನಲ್ಲಿ ಸಿಗರೇಟು ಬಿಟ್ಟೆ ಅಂತ ನನ್ನ ತಲೆ ಮುಟ್ಟಿ ಹೇಳಿದ್ದರು!”

ಸೊಸೆ ಎತ್ತರದವಳು. ಬಂದು ಬಗ್ಗಿ ನೋಡಿದಳು. ಹಾಗೇ ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು ಸೆರಗು ಸರಿಮಾಡುವ ಹಾಗೆ ತಲೆಯ ವಸ್ತ್ರ ಬಿಗಿದುಕೊಂಡು, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟಳು: “ಬಾಬಾ ಬೇಟೆಗೆ ಹೋಗ್ತಾರೆ. ಈ ವರ್ಷ, ಬರುವ ವರ್ಷ, ಯಾವಾಗಲೂ. ಬಾಬಾ ಹೋಗದಿದ್ದರೆ ಆ ಮನುಷ್ಯನೂ ಸೇತುವೆ ದಾಟುವುದಿಲ್ಲ!”

ಹಾಜಿಯ ಬೆನ್ನ ಮೇಲಿದ್ದ ಖಾಲಾರ ಕೈ ಮೆಲ್ಲಗೆ ಎರಡು ಸಲ ತಟ್ಟಿತು. ನನಗೆ ಕೂಗಬೇಕು ಅನ್ನಿಸಿತು. ಬಾಯಲ್ಲಿ ಖರ್ಜೂರ ಇತ್ತು, ಕಣ್ಣಲ್ಲಿ ನೀರು.

ಅಷ್ಟರಲ್ಲಿ ಹಾಜಿ ಮತ್ತೆ ಸ್ಕೋಪಿಗೆ ಬಗ್ಗಿ ಆಗಿತ್ತು. ಯಾರೂ ಹೇಳಿರಲಿಲ್ಲ. ಎಲ್ಲರೂ ಅವರ ಸುತ್ತ ಮುಗಿಬಿದ್ದರು. “ಈಗ ಏನು ಮಾಡ್ತಿದ್ದಾರೆ ಬಾಬಾ? ಏನು ಕಾಣ್ತದೆ?” ಎಂದು ಸೊಸೆ ಅವರ ಭುಜ ಅಲುಗಿಸಿದಳು.

ಹಾಜಿ ತಲೆ ಎತ್ತಲಿಲ್ಲ. ಕೈಯೆತ್ತಿ, ಬೇಟೆಯಲ್ಲಿ ಹಕ್ಕಿ ಬೆದರದ ಹಾಗೆ ಮಾಡುವ ಸನ್ನೆ ಮಾಡಿದರು.

“ಶ್! ಇನ್ನೊಂದು ಹಚ್ಚಿದ.”